ಅಜ್ಜನ ಚೀಟಿನಲ್ಲಿರುವ ‘ಪಿಲಿಪಾದೆ ಗುಡ್ಡೆ’ ಈಗ ಎಲ್ಲಿದೆ?

ಪ್ರಶ್ನೆ: ನಮ್ಮ ಮನೆ ಸುರತ್ಕಲ್‌ನಿಂದ ಮೂಡಕ್ಕೆ ಆರೇಳು ಕಿಲೋಮೀಟರ್ ಒಳಗಿನ ಹಳ್ಳಿಯಲ್ಲಿದೆ. ಅಜ್ಜನ ಪೆಟ್ಟಿಗೆಯಲ್ಲಿ ಒಂದು ಮೂಲಗೇಣಿ ಚೀಟು (ಶಾಶ್ವತ ಗೇಣಿಯ ಪತ್ರ) ಸಿಕ್ಕಿತು. ‘ವಿಭವ ಸಂವತ್ಸರ’ ಎಂದು ಓದಲು ಬರುತ್ತದೆ, ಇಸವಿ ಇದ್ದ ಜಾಗ ಹರಿದಿದೆ. ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ಗಡಿಗಳ ವಿವರದಲ್ಲಿ, ‘ಮೂಡು ಪಿಲಿಪಾದೆ ಗುಡ್ಡೆ, ತೆಂಕು ನೀರು ಹರಿವ ತೋಡು, ಪಡು ಬಾಕಿಮಾರು ಗದ್ದೆ, ಬಡಗು ನಾಗಬನದ ಅಗಳು’ ಎಂದಿದೆ. ತುಳುವಿನಲ್ಲಿ ಪಿಲಿ ಎಂದರೆ ಹುಲಿ, ಪಾದೆ ಎಂದರೆ ಬಂಡೆ. ಮೂಡಕ್ಕೆ ಈಗ ಎರಡು ಗುಡ್ಡ ಕಾಣುತ್ತವೆ. ಒಂದರ ಮೇಲೆ ಲೇಔಟ್ ಆಗಿದೆ, ಇನ್ನೊಂದರ ಅರ್ಧ ಭಾಗ ಕೆಂಪುಕಲ್ಲಿನ ಕೋರೆಗೆ ಹೋಗಿದೆ. ಮೊಬೈಲ್ ನಕ್ಷೆಯಲ್ಲಿ ಮೊದಲನೆಯದಕ್ಕೆ ಲೇಔಟಿನ ಹೆಸರು, ಎರಡನೆಯದಕ್ಕೆ ಹೆಸರೇ ಇಲ್ಲ. 84 ವರ್ಷದ ದೊಡ್ಡಮ್ಮನನ್ನು ಕೇಳಿದರೆ ‘ಪಿಲಿಪಾದೆ ಗೊತ್ತಿಲ್ಲ, ದನ ಬಿಡಲಿಕ್ಕೆ ಪಾದೆಗೆ ಹೋಗುತ್ತಿದ್ದೆವು’ ಅನ್ನುತ್ತಾರೆ. ಊರಿನ ಕೆಲವರು ಇದು ‘ವ್ಯಾಘ್ರಗಿರಿ’, ಋಷಿಯೊಬ್ಬರು ಹುಲಿಯ ರೂಪದಲ್ಲಿ ತಪಸ್ಸು ಮಾಡಿದ ಸ್ಥಳ ಎಂದು ಬೋರ್ಡ್ ಹಾಕಲು ಹೊರಟಿದ್ದಾರೆ. ಯಾವ ಗುಡ್ಡ ಪಿಲಿಪಾದೆ? ನಿಜವಾದ ಹೆಸರು ಯಾವುದು? ಅದನ್ನು ದಾಖಲೆಗೆ ಸೇರಿಸಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ: ಗುಡ್ಡ ಎಲ್ಲಿದೆ, ಅದರ ಹೆಸರೇನು. ಇವನ್ನು ಬಿಡಿಸಿ ನೋಡದೆ ಇದ್ದರೆ ಕೆಲಸ ಕೆಡುತ್ತದೆ. ಹೆಸರು ಹಿಡಿದು ಜಾಗ ಹುಡುಕಲು ಹೊರಟವರಿಗೆ ಕೊನೆಗೆ ಯಾವುದಾದರೂ ಒಂದು ಗುಡ್ಡ ಸಿಕ್ಕೇ ಸಿಗುತ್ತದೆ, ಅದು ಬೇರೆಯದೇ ಗುಡ್ಡ ಆಗಿರುತ್ತದೆ. ಮೊದಲು ಜಾಗ ನಿಲ್ಲಿಸಿಕೊಳ್ಳಿ, ಹೆಸರು ಆಮೇಲೆ. ಜಾಗ ಹಿಡಿಯಲು ಬೇಕಾದ ಮುಖ್ಯ ಸಾಕ್ಷಿಗಳು ನಿಮ್ಮ ಹತ್ತಿರವೇ ಇವೆ. ಅದರಲ್ಲೊಂದನ್ನು ನಿಮ್ಮ ದೊಡ್ಡಮ್ಮ ಈಗಾಗಲೇ ಕೊಟ್ಟಿದ್ದಾರೆ.

ಚೀಟಿನ ಕಾಲದಿಂದ ಶುರು ಮಾಡೋಣ. ವಿಭವ ಸಂವತ್ಸರ 60 ವರ್ಷಕ್ಕೊಮ್ಮೆ ಬರುತ್ತದೆ: 1868-69, 1928-29, 1988-89. ಕೊನೆಯದನ್ನು ಬಿಟ್ಟುಬಿಡಬಹುದು, 1974ರ ಭೂಸುಧಾರಣೆಯ ನಂತರ ಕೃಷಿಭೂಮಿಗೆ ಹೊಸದಾಗಿ ಗೇಣಿಚೀಟು ಬರೆಯುವಂತಿರಲಿಲ್ಲ. ಉಳಿದೆರಡರಲ್ಲಿ ಯಾವುದು ಎಂದು ತಿಳಿಯಲು ಛಾಪಾ ಕಾಗದದ ಮೇಲಿನ ಮುದ್ರೆ ನೋಡಿ. ವಿಕ್ಟೋರಿಯಾ ರಾಣಿಯ ಮುಖವಿದ್ದರೆ 1868, ಗಡ್ಡದ ಐದನೇ ಜಾರ್ಜ್ ಇದ್ದರೆ 1928. ಎಲ್ಲಾದರೂ ‘ಫಸಲಿ’ (ಕಂದಾಯ ವರ್ಷ) ಎಂಬ ಪದದ ಪಕ್ಕ 1338 ಎಂದಿದ್ದರೆ ಅದೂ 1928-29ಕ್ಕೇ ಬರುತ್ತದೆ. ನಮ್ಮ ಜಿಲ್ಲೆ 1956ರವರೆಗೆ ಮದರಾಸಿಗೆ ಸೇರಿತ್ತು, ಅಲ್ಲಿಯ ಫಸಲಿ ವರ್ಷಕ್ಕೆ 590 ಕೂಡಿಸಿದರೆ ಇಸವಿ ಸಿಗುತ್ತದೆ, ವರ್ಷ ಜುಲೈಯಿಂದ ಶುರು. ಕಾಲಕ್ಕೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. 1928ರ ಚೀಟಾದರೆ ಅದರಲ್ಲಿ ಸರ್ವೆ ನಂಬ್ರ ಇರುವ ಸಾಧ್ಯತೆ ಹೆಚ್ಚು. 1868ರದ್ದಾದರೆ ವರ್ಗದ (ಹಿಡುವಳಿಯ) ನಂಬ್ರ, ಮಾಗಣೆಯ (ಹಳ್ಳಿಗಳ ಗುಂಪಿನ) ಹೆಸರು, ‘ಇಷ್ಟು ಮುಡಿ ಬೀಜ ಬಿತ್ತುವ ಗದ್ದೆ’ ಇವಿಷ್ಟೇ ಸಿಗಬಹುದು, ಆಗ ದಾರಿ ಉದ್ದವಾಗುತ್ತದೆ.

ಇನ್ನು ಚಕ್ಕುಬಂದಿ. ಇದನ್ನು ಓದುವಾಗ ಹೆಚ್ಚಾಗಿ ಆಗುವ ತಪ್ಪು, ‘ಮೂಡು’ ಎಂದ ಕೂಡಲೇ ಮೊಬೈಲಿನ ದಿಕ್ಸೂಚಿ ಹಿಡಿದು ನೇರ ಪೂರ್ವಕ್ಕೆ ನೋಡುವುದು. ಚೀಟು ಬರೆದವರಿಗೆ ಇದ್ದದ್ದು ನಾಲ್ಕೇ ದಿಕ್ಕು, ಎಲ್ಲ ಗಡಿಯನ್ನೂ ಆ ನಾಲ್ಕರೊಳಗೆ ಕೂರಿಸಬೇಕಿತ್ತು. ಹಾಗಾಗಿ ಅವರ ಮೂಡು ಈಶಾನ್ಯವೂ ಆಗಬಹುದು, ಆಗ್ನೇಯವೂ ಆಗಬಹುದು. ಎರಡನೆಯ ತಪ್ಪು, ‘ಗುಡ್ಡೆ’ ಎಂದರೆ ಶಿಖರ ಎಂದುಕೊಳ್ಳುವುದು. ನಮ್ಮ ಕಡೆಯ ಮಾತಿನಲ್ಲಿ ಗುಡ್ಡೆ ಎಂದರೆ ಗದ್ದೆ ಮುಗಿದು ಏರು ಶುರುವಾಗುವ ಜಾಗದಿಂದ ಮೇಲಿನ ಸಾಗುವಳಿ ಇಲ್ಲದ ನೆಲವೆಲ್ಲ. ನಿಮ್ಮ ಜಾಗದ ಮೂಡಣ ಗಡಿ ಆ ಗುಡ್ಡದ ಬುಡ, ನೆತ್ತಿ ಅಲ್ಲ. ನೆತ್ತಿ ಅಲ್ಲಿಂದ ಅರ್ಧ ಕಿಲೋಮೀಟರ್ ಆಚೆಗೂ ಇದ್ದೀತು.

‘ಬೆಟ್ಟು’ ಎಂಬ ಪದ ಚೀಟಿನಲ್ಲಿ ಎಲ್ಲಾದರೂ ಬಂದರೆ ಅದನ್ನು ಬೆಟ್ಟ ಎಂದು ಓದಬೇಡಿ. ಬೈಲು, ಮಜಲು, ಬೆಟ್ಟು ಇವು ಗದ್ದೆಯ ತರಗತಿಗಳು. ಮಳೆನೀರನ್ನೇ ನಂಬಿದ, ಒಂದು ಬೆಳೆಯ ಎತ್ತರದ ಗದ್ದೆ ಬೆಟ್ಟು. ಹೊರಗಿನಿಂದ ಬಂದವರು ಎಷ್ಟೋ ಬೆಟ್ಟುಗಳನ್ನು ಬೆಟ್ಟ ಮಾಡಿ ಬರೆದಿದ್ದಾರೆ.

ಈಗ ದೊಡ್ಡಮ್ಮನ ಮಾತಿಗೆ ಬನ್ನಿ. ‘ಪಿಲಿಪಾದೆ ಗೊತ್ತಿಲ್ಲ, ಪಾದೆ ಗೊತ್ತು’ ಎಂದದ್ದನ್ನು ನೀವು ಮರೆವು ಎಂದು ತಿಳಿದಿರಬಹುದು. ನನ್ನ ಓದಿನಲ್ಲಿ ಇದು ನಿಮ್ಮ ಕೈಗೆ ಸಿಕ್ಕಿರುವ ಅತ್ಯಂತ ಬೆಲೆಯುಳ್ಳ ಸಾಕ್ಷಿ. ದಿನವೂ ಹೋಗಿಬರುವ ಜಾಗಕ್ಕೆ ಯಾರೂ ಪೂರ್ತಿ ಹೆಸರು ಹೇಳುವುದಿಲ್ಲ. ಒಂದು ಮನೆಯವರಿಗೆ ಇರುವುದು ಒಂದೇ ಪಾದೆಯಾದರೆ ಅದು ಬರಿ ಪಾದೆ. ‘ಪಿಲಿ’ ಎಂಬ ವಿಶೇಷಣ ಬೇಕಾದದ್ದು ಚೀಟು ಬರೆಯುವ ಶಾನುಭೋಗರಿಗೆ, ಯಾಕೆಂದರೆ ಅವರ ಗ್ರಾಮದಲ್ಲಿ ಹತ್ತು ಪಾದೆಗಳಿದ್ದವು. ಆದ್ದರಿಂದ ನೀವು ಹುಡುಕಬೇಕಾದದ್ದು ಶಿಖರವನ್ನಲ್ಲ, ಬಂಡೆಯನ್ನು. ‘ಪಿಲಿಪಾದೆ ಗುಡ್ಡೆ’ ಎಂದರೆ ಪಿಲಿಪಾದೆ ಇರುವ ಗುಡ್ಡೆ. ಬಂಡೆ ಸಿಕ್ಕಿದರೆ ಗುಡ್ಡ ತಾನಾಗಿ ಸಿಗುತ್ತದೆ.

ಎರಡು ಗುಡ್ಡಗಳಲ್ಲಿ ಯಾವುದು? ಕೆಂಪುಕಲ್ಲಿನ ಕೋರೆ ತೆಗೆಯುವವರು ಮಣ್ಣು ಕಡಿಮೆಯಿದ್ದು ಗಟ್ಟಿ ಮುರಕಲ್ಲು (ಕೆಂಪುಕಲ್ಲು) ಮೇಲೆಯೇ ತೋರುವ ಜಾಗವನ್ನು ಆರಿಸುತ್ತಾರೆ. ಹಿಂದೆ ಬೋಳು ಹಾಸುಗಲ್ಲಾಗಿ ಕಾಣುತ್ತಿದ್ದ ಜಾಗವೇ ಕೋರೆಯವರ ಕಣ್ಣಿಗೆ ಮೊದಲು ಬೀಳುವುದು. ಹಾಗಾಗಿ ತಕ್ಕಡಿ ಕೋರೆಯ ಗುಡ್ಡದ ಕಡೆ ವಾಲುತ್ತದೆ. ಆದರೆ ಇದು ಊಹೆ ಮಾತ್ರ. ಪಾದೆ ಕರಿಕಲ್ಲಿನದೂ ಆಗಿರಬಹುದು, ಆಗ ಲೇಔಟಿನ ಗುಡ್ಡದಲ್ಲಿ ಮನೆಗಳ ನಡುವೆ ಯಾರೂ ಮುಟ್ಟದೆ ಬಿಟ್ಟ ಬಂಡೆ ಇದೆಯೇ ನೋಡಬೇಕು. ಒಂದು ಗುಡ್ಡದ ನೆತ್ತಿಯನ್ನೇ ತೆಗೆದಿದ್ದರೂ ಹಳೆಯ ರೂಪ ತಿಳಿಯಲು ಗೂಗಲ್ ಅರ್ಥ್‌ನಲ್ಲಿ ವರ್ಷ ಹಿಂದಕ್ಕೆ ಸರಿಸಿ ನೋಡಿ. ಫೆಬ್ರವರಿ-ಮಾರ್ಚ್ ತಿಂಗಳ ಚಿತ್ರಗಳನ್ನೇ ಆರಿಸಿ: ಹುಲ್ಲು ಒಣಗಿ, ಹಾಸುಗಲ್ಲು ಸುತ್ತಲಿನ ನೆಲಕ್ಕಿಂತ ಬೇರೆಯಾಗಿ ಎದ್ದು ಕಾಣುತ್ತದೆ. ಆಗಸ್ಟಿನ ಚಿತ್ರದಲ್ಲಿ ಪಾಚಿ, ಹುಲ್ಲು ಸೇರಿ ಎಲ್ಲವೂ ಹಸುರು.

ಸರ್ವೆ ನಕ್ಷೆಗಳ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು, ಎಡವುವುದು ಇಲ್ಲೇ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ಹಾಳೆಗಳಲ್ಲಿ ಮಂಗಳೂರು ನಗರ 48 ಎಲ್/13ರಲ್ಲಿ ಬರುತ್ತದೆ, ಕಾರ್ಕಳ ಮತ್ತು ಮೂಡುಬಿದಿರೆ 48 ಕೆ/16ರಲ್ಲಿ. ಇವೆರಡರ ನಡುವಿನ ಗೆರೆ 13 ಡಿಗ್ರಿ ಉತ್ತರ ಅಕ್ಷಾಂಶ, ಅದು ಸುರತ್ಕಲ್ ಆಸುಪಾಸಿನಲ್ಲೇ ಹಾದುಹೋಗುತ್ತದೆ. ನಿಮ್ಮ ಹಳ್ಳಿ ಹಾಳೆಯ ಅಂಚಿನಲ್ಲಿದೆ ಎಂದಾಯಿತು. ಎರಡೂ ಹಾಳೆ ತೆಗೆದುಕೊಳ್ಳಿ, ಅಂಚು ಕೂಡಿಸಿ ನೋಡಿ. ಗುಡ್ಡ ಒಂದರಲ್ಲಿ, ಹೆಸರು ಇನ್ನೊಂದರಲ್ಲಿ ಅಚ್ಚಾಗಿರುವುದು ಅಪರೂಪವಲ್ಲ. 1:50,000 ಪ್ರಮಾಣದ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್. ಸಮೋನ್ನತಿ ಗೆರೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು, ಸಾಮಾನ್ಯವಾಗಿ 20 ಮೀಟರಿಗೆ ಒಂದು. ಅಂದರೆ ಸುತ್ತಲಿನ ಪದವಿಗಿಂತ (ಪದವು ಎಂದರೆ ಚಪ್ಪಟೆಯಾದ ಎತ್ತರದ ನೆಲ) 15 ಮೀಟರ್ ಮಾತ್ರ ಎತ್ತರವಿರುವ ದಿಬ್ಬ ಎರಡು ಗೆರೆಗಳ ಮಧ್ಯೆ ಬಿದ್ದು ಕಾಣದೆಯೇ ಹೋಗಬಹುದು. ನಕ್ಷೆಯಲ್ಲಿ ಇಲ್ಲ ಎಂದಮಾತ್ರಕ್ಕೆ ಗುಡ್ಡ ಇರಲಿಲ್ಲ ಎಂದಾಗುವುದಿಲ್ಲ, ನಮ್ಮಂಥ ಚಪ್ಪಟೆ ನೆತ್ತಿಯ ಪದವುಗಳ ಸೀಮೆಯಲ್ಲಂತೂ ಹೌದು.

20ನೇ ಶತಮಾನದ ಆರಂಭಕ್ಕಿಂತ ಹಿಂದಿನ ನಕ್ಷೆ ಕೈಗೆ ಸಿಕ್ಕಿದರೆ ಅದರ ರೇಖಾಂಶವನ್ನು ಹಾಗೇ ಮೊಬೈಲಿಗೆ ಹಾಕಬೇಡಿ. ಆಗಿನ ಲೆಕ್ಕ ಮದರಾಸು ವೀಕ್ಷಣಾಲಯದ ಹಳೆಯ ರೇಖಾಂಶವನ್ನು ನೆಚ್ಚಿತ್ತು, ಅದರಲ್ಲಿ ಸುಮಾರು ಎರಡೂವರೆ ಮಿನಿಟಿನ ತಪ್ಪಿತ್ತು. ನಮ್ಮ ಅಕ್ಷಾಂಶದಲ್ಲಿ ಅದು ಸುಮಾರು ನಾಲ್ಕೂವರೆ ಕಿಲೋಮೀಟರ್ ಆಗುತ್ತದೆ, ಗುಡ್ಡ ನಿಜವಾದ ಜಾಗಕ್ಕಿಂತ ಮೂಡಕ್ಕೆ ಸರಿದು ಕಾಣುತ್ತದೆ. ಆಮೇಲಿನ ನಕ್ಷೆಗಳಲ್ಲಿಯೂ ಎವರೆಸ್ಟ್ ಮಾಪನಕ್ಕೂ (ಹಳೆಯ ಸರ್ವೆ ಬಳಸಿದ ಭೂಮಿಯ ಆಕಾರದ ಲೆಕ್ಕ) ಈಗಿನ ಜಿಪಿಎಸ್ ಮಾಪನಕ್ಕೂ ನೂರು ಮೀಟರ್ ಮಟ್ಟದ ವ್ಯತ್ಯಾಸ ಇರುತ್ತದೆ. ಪರಿಹಾರ ಸುಲಭ. ಅಂಕೆಗಳನ್ನು ಬಿಡಿ, ಅಲುಗಾಡದ ಮೂರು ಗುರುತುಗಳನ್ನು ಹಿಡಿಯಿರಿ: ತೋಡುಗಳು ಕೂಡುವ ಜಾಗ, ಹಳೆಯ ದೇವಸ್ಥಾನ, ಹೊಳೆಯ ತಿರುವು. ಈ ಮೂರಕ್ಕೂ ಗುಡ್ಡಕ್ಕೂ ಇರುವ ದೂರವನ್ನು ಹಳೆಯ ನಕ್ಷೆಯಲ್ಲಿ ಅಳೆದು ಹೊಸದರಲ್ಲಿ ಗುರುತು ಮಾಡಿದರೆ ಸಾಕು. ಹೊಸ ನಕ್ಷೆಗಳನ್ನು ಇಲಾಖೆಯ ಅಂತರ್ಜಾಲ ತಾಣದಿಂದಲೇ ಇಳಿಸಿಕೊಳ್ಳಬಹುದು. ಅವುಗಳ ಹಾಳೆ ಸಂಖ್ಯೆ ಬೇರೆ ಪದ್ಧತಿಯದು, ಮೇಲೆ ಕೊಟ್ಟ 48 ಎಲ್, 48 ಕೆ ಹೆಸರಿನಲ್ಲಿ ಅಲ್ಲಿ ಹುಡುಕಬೇಡಿ.

ಗುಡ್ಡವನ್ನು ನಿಮ್ಮ ಜಾಗಕ್ಕೆ ಕಟ್ಟಿಹಾಕುವುದು ಮಾತ್ರ ಕಂದಾಯ ದಾಖಲೆ. ಇಂದಿನ ಪಹಣಿಯ ಸರ್ವೆ ನಂಬ್ರದಿಂದ ಹಿಂದಕ್ಕೆ ಹೋಗಿ. ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೆಯ ಅಡಂಗಲ್ (ಜಮೀನು, ಬೆಳೆಯ ಲೆಕ್ಕದ ಪುಸ್ತಕ), ಸೆಟ್ಲ್‌ಮೆಂಟ್ ರಿಜಿಸ್ಟರ್ ಮತ್ತು ಹಳೆ ನಂಬ್ರಕ್ಕೆ ಹೊಸ ನಂಬ್ರ ಹೊಂದಿಸುವ ಪಟ್ಟಿ ಕೇಳಿ. ಭೂದಾಖಲೆ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಎಫ್‌ಎಂಬಿ, ಅಂದರೆ ಪ್ರತಿ ನಂಬ್ರದ ಅಳತೆ ಪುಸ್ತಕದ ನಕಲು, ಮತ್ತು ಗ್ರಾಮನಕ್ಷೆ ಸಿಗುತ್ತವೆ. ಹಳೆಯ ಎಫ್‌ಎಂಬಿಯ ಅಂಕೆಗಳು ಅಡಿಯೂ ಅಲ್ಲ, ಮೀಟರೂ ಅಲ್ಲ, ಲಿಂಕ್. 100 ಲಿಂಕಿಗೆ ಒಂದು ಚೈನು, ಒಂದು ಚೈನಿಗೆ 66 ಅಡಿ. 250 ಎಂದು ಬರೆದ ಗಡಿಯನ್ನು ಅಡಿ ಎಂದು ಓದಿದರೆ 165 ಅಡಿಯ ಗೆರೆಯನ್ನು 250 ಅಡಿ ಎಳೆದು ಪಕ್ಕದ ಮನೆಯ ಅಂಗಳಕ್ಕೆ ಹೋಗಿ ನಿಲ್ಲುತ್ತೀರಿ. ನಗರಪಾಲಿಕೆಗೆ ಸೇರಿದ ಪ್ರದೇಶವಾದರೆ ಆರ್.ಎಸ್. (ಕಂದಾಯ ಸರ್ವೆಯ) ನಂಬ್ರ, ಟಿ.ಎಸ್. (ನಗರ ಸರ್ವೆಯ) ನಂಬ್ರ ಎರಡೂ ಇರಬಹುದು, ಅರ್ಜಿಯಲ್ಲಿ ಎರಡನ್ನೂ ಬರೆಯಿರಿ. 1974ರ ನಂತರ ನಿಮ್ಮ ಮನೆಯವರು ಡಿಕ್ಲರೇಶನ್ (ಗೇಣಿದಾರರ ಹಕ್ಕಿನ ಅರ್ಜಿ) ಕೊಟ್ಟಿದ್ದರೆ ಭೂನ್ಯಾಯಮಂಡಳಿಯ ಕಡತವೂ ಇರುತ್ತದೆ. ಮೂಲಗೇಣಿ ಚೀಟಿನ ಜಾಗಕ್ಕೂ ಈಗಿನ ನಂಬ್ರಕ್ಕೂ ನಡುವಿನ ಕೊಂಡಿ ಹೆಚ್ಚಾಗಿ ಸಿಗುವುದು ಆ ಕಡತದಲ್ಲೇ. ‘ಇಲ್ಲ’ ಎಂಬ ಬಾಯಿಮಾತಿನ ಉತ್ತರ ಬಂದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ, 30 ದಿನದೊಳಗೆ ಬರಹದಲ್ಲಿ ಉತ್ತರ ಬರಬೇಕು. ‘ಪಿಲಿಪಾದೆ ಗುಡ್ಡದ ಮಾಹಿತಿ ಕೊಡಿ’ ಎಂದು ಕೇಳಿದರೆ ಏನೂ ಬರುವುದಿಲ್ಲ, ಗುಡ್ಡದ ಹೆಸರಿನಲ್ಲಿ ಯಾವ ಕಡತವೂ ಇರುವುದಿಲ್ಲ. ಗ್ರಾಮ, ನಂಬ್ರ, ದಾಖಲೆಯ ಹೆಸರು, ವರ್ಷ ಇಷ್ಟನ್ನು ಬರೆಯಿರಿ.

ನಂಬ್ರ ಸಿಕ್ಕಿದ ಮೇಲೆ ದಿಶಾಂಕ್ ಆ್ಯಪ್ (ನಿಂತ ಜಾಗದ ಸರ್ವೆ ನಂಬ್ರ ತೋರಿಸುವ ಸರ್ಕಾರಿ ಆ್ಯಪ್) ತೆರೆದು ಜಾಗದಲ್ಲೇ ನಿಂತು ನೋಡಿ. ತೆಂಕಿನ ತೋಡು, ಬಡಗಿನ ನಾಗಬನ ಎರಡೂ ಚೀಟಿಗೆ ಹೊಂದಬೇಕು. ಗದ್ದೆ ಮಾರಿಹೋಗುತ್ತದೆ, ಬನ ಅಷ್ಟು ಸುಲಭವಾಗಿ ಜಾಗ ಬದಲಿಸುವುದಿಲ್ಲ. ಇವೆರಡು ಹೊಂದಿದರೆ ಮೂರನೆಯ ಗಡಿಯಾದ ಗುಡ್ಡದ ಬುಡ ಎಲ್ಲಿ ಎಂಬುದರಲ್ಲಿ ಸಂಶಯ ಉಳಿಯುವುದಿಲ್ಲ. ಆ್ಯಪಿನ ಗೆರೆ ಕೆಲವು ಮೀಟರ್ ಆಚೀಚೆ ಇರುತ್ತದೆ, ಗುಡ್ಡ ಗುರುತಿಸಲು ಸಾಕು, ಗಡಿಜಗಳಕ್ಕೆ ಸಾಲದು.

ಹೆಸರಿಗೆ ಬರೋಣ. ಒಂದು ಗುಡ್ಡಕ್ಕೆ ಒಂದೇ ‘ನಿಜವಾದ’ ಹೆಸರು ಇರಬೇಕು ಎಂಬ ನಂಬಿಕೆಯನ್ನು ಮೊದಲು ಕೈಬಿಡಬೇಕು. ಮಂಗಳೂರಿನ ನಡುವೆಯೇ ಇರುವ ಗುಡ್ಡವನ್ನು ನೋಡಿ: ಊರವರಿಗೆ ಬಾವುಟಗುಡ್ಡೆ, ನಗರದ ಹಲಗೆಗಳಲ್ಲಿ ಲೈಟ್‌ಹೌಸ್ ಹಿಲ್, ಈದ್ಗಾ ಇರುವ ಕಾರಣಕ್ಕೆ ಅದರದ್ದೇ ಇನ್ನೊಂದು ಹೆಸರು. ಮೂರೂ ಸುಳ್ಳಲ್ಲ, ಗುಡ್ಡವನ್ನು ಬಳಸಿದ ಬೇರೆಬೇರೆ ಜನರ ಹೆಸರುಗಳು. ಅದೇ ಗುಡ್ಡ ಇನ್ನೊಂದು ಪಾಠವನ್ನೂ ಕೊಡುತ್ತದೆ. 1837ರ ಏಪ್ರಿಲ್‌ನಲ್ಲಿ ಬ್ರಿಟಿಷರ ವಿರುದ್ಧ ಎದ್ದ ರೈತರು ಅಲ್ಲಿ ಬಾವುಟ ಹಾರಿಸಿದ್ದರಿಂದ ಆ ಹೆಸರು ಬಂತು ಎನ್ನುತ್ತಾರೆ, ಹಡಗುಗಳಿಗೆ ಗುರುತು ತೋರುವ ಬಾವುಟದಿಂದ ಎನ್ನುವವರೂ ಇದ್ದಾರೆ. ಇದನ್ನು ತೀರ್ಮಾನಿಸುವ ಕ್ರಮ ಒಂದೇ: 1837ಕ್ಕಿಂತ ಹಿಂದಿನ ಕಾಗದದಲ್ಲಿ ಆ ಹೆಸರು ಇದೆಯೇ ಎಂದು ಹುಡುಕುವುದು. ವ್ಯಾಘ್ರಗಿರಿಗೂ ಇದೇ ಅಳತೆ.

ನಿಮ್ಮ ಊರಿನವರು ವ್ಯಾಘ್ರಗಿರಿ ಎಂದದ್ದು ಕೆಟ್ಟ ಉದ್ದೇಶದಿಂದ ಆಗಿರಲಾರದು. ಪಿಲಿ ಎಂದರೆ ಹುಲಿ, ಹುಲಿ ಎಂದರೆ ವ್ಯಾಘ್ರ, ಪಾದೆಯ ಗುಡ್ಡೆ ಗಿರಿಯಾಯಿತು. ಇದು ತುಳು ಹೆಸರಿನ ಸಂಸ್ಕೃತ ಅನುವಾದ, ಅನುವಾದಕ್ಕೆ ಆಮೇಲೆ ಒಂದು ಕಥೆ ಬೇಕಾಗುತ್ತದೆ. ಅಜ್ಜನ ಚೀಟಿನಲ್ಲಿ ಪಿಲಿಪಾದೆ ಎಂದೇ ಇರುವಾಗ ವ್ಯಾಘ್ರಗಿರಿ ಅದಕ್ಕಿಂತ ಹಳೆಯದು ಎನ್ನುವವರು ಅದಕ್ಕಿಂತ ಹಳೆಯ ಕಾಗದವನ್ನೋ ಶಾಸನವನ್ನೋ ತೋರಿಸಬೇಕು. ಅಲ್ಲಿಯವರೆಗೆ ಪಿಲಿಪಾದೆಯೇ ಮುಂದೆ.

ಆದರೆ ಪಿಲಿ ಎಂದ ಕೂಡಲೇ ಹುಲಿ ಇದ್ದ ಗುಡ್ಡ ಎಂದೂ ಬರೆದುಬಿಡಬೇಡಿ. ಮೂಡುಶೆಡ್ಡೆಯ ಪಿಲಿಕುಳದಂತೆ ಪ್ರಾಣಿಯ ಹೆಸರೇ ನೇರವಾಗಿ ಬಂದಿರಬಹುದು, ಪಿಲಿಚಾಮುಂಡಿ ದೈವದ ಕಲ್ಲು ಆ ಪಾದೆಯ ಮೇಲೆ ಇದ್ದಿರಲೂಬಹುದು. ಗುಡ್ಡದ ಸುತ್ತ ಪಿಲಿಚಾಮುಂಡಿಯನ್ನು ನಂಬಿದ ಮನೆ, ಕಟ್ಟೆ, ಗುಡಿ ಇದೆಯೇ ವಿಚಾರಿಸಿ. ಇದ್ದರೆ ಆ ದೈವದ ಪಾಡ್ದನ (ಕಥೆ ಹೇಳುವ ತುಳು ಹಾಡು), ನೇಮದ (ದೈವದ ಉತ್ಸವದ) ನುಡಿಗಟ್ಟು ಕೇಳಿ. ದೈವ ಯಾವ ಗುಡ್ಡ ಇಳಿದು ಯಾವ ತೋಡು ದಾಟಿ ಬಂತು ಎಂದು ಊರುಗಳನ್ನು ಸಾಲಾಗಿ ಹೇಳುವುದು ಪಾಡ್ದನದ ಪದ್ಧತಿ. ಹೆಸರಿಗಿಂತ ಆ ಸಾಲು ಮುಖ್ಯ: ಗೊತ್ತಿರುವ ಎರಡು ಜಾಗಗಳ ನಡುವೆ ಗೊತ್ತಿಲ್ಲದ್ದು ಬಂದರೆ ಅದರ ಜಾಗ ಸುಮಾರಾಗಿ ಸಿಕ್ಕಿತೆಂದೇ ಲೆಕ್ಕ. ಗುರಿಕಾರರ (ಮುಖ್ಯಸ್ಥರ) ಅನುಮತಿ ಇಲ್ಲದೆ ರೆಕಾರ್ಡ್ ಮಾಡಬೇಡಿ.

ಕಾಗದಗಳಲ್ಲಿ ಹುಡುಕುವಾಗ ಒಂದೇ ರೂಪಕ್ಕೆ ಅಂಟಿಕೊಳ್ಳಬೇಡಿ. ಕನ್ನಡದಲ್ಲಿ ಬರೆಯುತ್ತಿದ್ದ ಗುಮಾಸ್ತರು ಪಿಲಿಯನ್ನು ಹುಲಿ ಮಾಡಿದ್ದಾರೆ, ಪಾದೆಯನ್ನು ಕಲ್ಲು, ಬಂಡೆ ಮಾಡಿದ್ದಾರೆ. ಹುಲಿಕಲ್ಲು, ಪಿಲಿಕಲ್ಲು, ಹುಲಿಪಾದೆ ಎಲ್ಲವನ್ನೂ ನೋಡಿ. ಬ್ಯಾರಿ ಮನೆಗಳಲ್ಲಿ ಪುಲಿ, ಕೊಂಕಣಿ ಮನೆಗಳಲ್ಲಿ ವಾಗ್ ಎಂದು ಶುರುವಾಗುವ ಹೆಸರು ಉಳಿದಿರಬಹುದು. ಪದದ ಅರ್ಥಕ್ಕೆ 1886ರ ಮ್ಯಾನರ್ ಅವರ ತುಳು ನಿಘಂಟು, ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದ ಆರು ಸಂಪುಟಗಳ ತುಳು ನಿಘಂಟು ಎರಡನ್ನೂ ನೋಡಬೇಕು. ಬಾಸೆಲ್ ಮಿಶನ್ ಕಾಲದ ಕಾಗದಗಳಿಗೆ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹ ಇದೆ. ಮದರಾಸು ಕಾಲದ ಕಂದಾಯ ಪತ್ರವ್ಯವಹಾರ ಚೆನ್ನೈಯ ಎಗ್ಮೋರಿನ ಪತ್ರಾಗಾರದಲ್ಲಿದೆ, ಆದರೆ ಒಂದು ಗುಡ್ಡಕ್ಕಾಗಿ ಅಲ್ಲಿಯವರೆಗೆ ಹೋಗುವುದು ಉಳಿದ ದಾರಿಗಳೆಲ್ಲ ಮುಚ್ಚಿದ ಮೇಲೆ.

ಹಿರಿಯರನ್ನು ಕೇಳುವ ಕ್ರಮದ ಬಗ್ಗೆ ಒಂದು ಮಾತು. ‘ಪಿಲಿಪಾದೆ ಗೊತ್ತುಂಟಾ?’ ಎಂದು ಕೇಳಿದರೆ ಕೆಲವರು ನಿಮ್ಮ ಸಂತೋಷಕ್ಕೆ ಹೌದು ಅನ್ನುತ್ತಾರೆ, ಆ ಹೌದಿಗೆ ಬೆಲೆ ಇಲ್ಲ. ಹೆಸರು ಬಾಯಿಗೆ ತರಲೇಬೇಡಿ. ದನ ಎಲ್ಲಿಗೆ ಬಿಡುತ್ತಿದ್ದಿರಿ, ಸೊಪ್ಪು ಎಲ್ಲಿಂದ ತರುತ್ತಿದ್ದಿರಿ, ಕಾಲ್ನಡಿಗೆಯಲ್ಲಿ ಬಜಪೆಗೆ ಹೋಗುವಾಗ ಏನೇನು ದಾಟುತ್ತಿದ್ದಿರಿ, ಮಳೆಗಾಲದಲ್ಲಿ ಮೊದಲು ನೀರು ಇಳಿದು ಬರುವುದು ಯಾವ ಕಡೆಯಿಂದ ಎಂದು ಕೇಳಿ, ಅವರು ಆಡುವ ಭಾಷೆಯಲ್ಲೇ. ಗುಡ್ಡದ ಆಚೆ ಬದಿಯ ಮನೆಗಳಿಗೂ ಹೋಗಿ. ಅವರಿಗೆ ಅದು ಪಡುವಣ ಗುಡ್ಡ, ಹೆಸರೂ ಬೇರೆ ಇದ್ದೀತು. ಎರಡು ಬದಿಯ, ಪರಸ್ಪರ ನೆಂಟಸ್ತಿಕೆ ಇಲ್ಲದ ಮೂವರು ಒಂದೇ ಬಂಡೆಗೆ ಕೈ ತೋರಿಸಿದರೆ ನಂಬಬಹುದು. ದೊಡ್ಡಮ್ಮನನ್ನು ಆಗುವುದಾದರೆ ವಾಹನದಲ್ಲಿ ಹತ್ತಿರಕ್ಕೆ ಕರೆದುಕೊಂಡು ಹೋಗಿ. ಅದಾಗದಿದ್ದರೆ ನಾಗಬನದಿಂದ ನಡೆಯುವ ದಾರಿಯನ್ನು ಅವರೇ ಬಾಯಲ್ಲಿ ಹೇಳಲಿ, ನೀವು ಬರೆದುಕೊಳ್ಳಿ.

ಕೋರೆಯ ಹತ್ತಿರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗಬೇಡಿ. ಬಿಟ್ಟುಹೋದ ಕೋರೆಗಳಲ್ಲಿ ಆಳದ ನೀರು ನಿಲ್ಲುತ್ತದೆ, ಕಡಿದ ಬರೆ (ನೆಟ್ಟಗಿನ ಮಣ್ಣಿನ ಗೋಡೆ) ಮೇಲಿನಿಂದ ಜರಿಯುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಡ್ರೋನ್ ಹಾರಿಸುವ ಯೋಚನೆ ಇದ್ದರೆ ನಿಮ್ಮ ಹಳ್ಳಿ ಬಜಪೆ ವಿಮಾನ ನಿಲ್ದಾಣಕ್ಕೆ ಹತ್ತಿರ ಎಂಬುದು ನೆನಪಿರಲಿ, ಸರ್ಕಾರದ ಡಿಜಿಟಲ್ ಸ್ಕೈ ತಾಣದಲ್ಲಿ ಡ್ರೋನ್ ವಲಯ ನೋಡದೆ ಹಾರಿಸಬೇಡಿ.

ಕೊನೆಯ ಪ್ರಶ್ನೆ, ದಾಖಲೆಗೆ ಸೇರಿಸುವುದು. ಪಹಣಿಯಲ್ಲಿ ಗುಡ್ಡದ ಹೆಸರಿಗೆ ಅಂಕಣ ಇಲ್ಲ, ಆ ಪ್ರಯತ್ನ ಬೇಡ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ನೀವೇ ಸೇರಿಸಬಹುದು, ಅಲ್ಲಿ ಹೆಸರು, ತುಳು ಹೆಸರು, ಹಳೆಯ ಹೆಸರು ಎಲ್ಲಕ್ಕೂ ಬೇರೆಬೇರೆ ಜಾಗ ಇದೆ. ಅಪಾಯ ಏನೆಂದರೆ ತಪ್ಪು ಸೇರಿದರೆ ಬೇರೆ ಆ್ಯಪ್‌ಗಳು ಅದನ್ನೇ ನಕಲು ಮಾಡುತ್ತವೆ, ಆಮೇಲೆ ನಿಮ್ಮ ತಪ್ಪೇ ನಿಮಗೆ ಸಾಕ್ಷಿಯಾಗಿ ಮರಳಿ ಬರುತ್ತದೆ. ಬಂಡೆ ಖಚಿತವಾಗುವವರೆಗೆ ಕಾಯಿರಿ. ರಸ್ತೆಗೋ ಬಸ್ ನಿಲ್ದಾಣಕ್ಕೋ ಪಿಲಿಪಾದೆ ಎಂದು ಇಡಲು ಗ್ರಾಮಸಭೆಯಲ್ಲಿ ಮಂಡಿಸಿ ಪಂಚಾಯತಿಯ ನಿರ್ಣಯ ಮಾಡಿಸುವುದು ಹೆಚ್ಚು ಗಟ್ಟಿ. ಅಲ್ಲಿ ಒಂದು ಎಚ್ಚರ: ಗುಡ್ಡದ ಬುಡದಲ್ಲಿ ಕುಮ್ಕಿ (ಜಮೀನಿಗೆ ತಾಗಿದ ಸರ್ಕಾರಿ ನೆಲದ ಬಳಕೆಯ ಹಕ್ಕು) ಅನುಭವಿಸುತ್ತಿರುವ ಮನೆಗಳಿದ್ದರೆ, ನೀವು ಹಳೆಯ ಚೀಟು ಹಿಡಿದು ಓಡಾಡುವುದನ್ನು ನೋಡಿ ಜಾಗ ಕೇಳಲು ಬಂದಿರಿ ಎಂದೇ ಅವರು ತಿಳಿಯುತ್ತಾರೆ. ಚೀಟಿನ ಪ್ರತಿ ತೋರಿಸುವ ಮೊದಲೇ, ಬೇಕಾದದ್ದು ಹೆಸರು ಮಾತ್ರ ಎಂದು ಹೇಳಿ. ಗಡಿ ಅಳತೆಯ ಅರ್ಜಿಯನ್ನು ಇದರ ಜೊತೆ ಬೆರೆಸಬೇಡಿ.

ಬೋರ್ಡ್ ಹಾಕುವವರ ಜೊತೆ ಜಗಳವೂ ಬೇಡ. ಚೀಟಿನ ಆ ಸಾಲನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಅವರ ಮುಂದಿಡಿ. ಹಲಗೆಯಲ್ಲಿ ಮೊದಲ ಸಾಲು ‘ಪಿಲಿಪಾದೆ’, ಅದರ ಕೆಳಗೆ ‘ಮೂಲಗೇಣಿ ಚೀಟಿನಲ್ಲಿರುವ ಹೆಸರು’ ಎಂದು ಖಚಿತವಾದ ಇಸವಿ, ಅದರ ಕೆಳಗೆ ‘ಊರವರ ಬಾಯಲ್ಲಿ: ಪಾದೆ’. ವ್ಯಾಘ್ರಗಿರಿ ಬೇಕೇ ಬೇಕು ಎಂದರೆ ನಾಲ್ಕನೆಯ ಸಾಲಿನಲ್ಲಿ ‘ಇತ್ತೀಚಿನ ಹೆಸರು’ ಎಂದು ಸೇರಲಿ.

ಛಾಪಾ ಕಾಗದದ ಮುದ್ರೆಯ ಸ್ಪಷ್ಟವಾದ ಫೋಟೋ, ಹರಿದ ಅಂಚು ಸೇರಿದಂತೆ ಚೀಟಿನ ಎರಡೂ ಬದಿ, ಎರಡು ಗುಡ್ಡಗಳನ್ನೂ ನಾಗಬನದ ಹತ್ತಿರ ನಿಂತು ತೆಗೆದ ಚಿತ್ರ ಇವಿಷ್ಟನ್ನು ಕಳುಹಿಸಿದರೆ ಕಾಲ ಮತ್ತು ದಿಕ್ಕು ಎರಡನ್ನೂ ಹೊಂದಿಸಿ ನೋಡಬಹುದು.